ಚೀಲದೊಳಗಿನ ಚಳಿ

ಒಳ್ಳೆಯ ಬಿಯರನ್ನು ಸೊಪ್ಪಿನ ಸಾಲಿಗೆ ಸೇರಿಸಬೇಕು ಅನ್ನೋದು ನನ್ನ ವಾದ. ಬೆಳಿಗ್ಗೆ ಕಿತ್ತ ದಂಟಿನ ಸೊಪ್ಪು ಸಂಜೆಗೆ ಬಾಡುವ ಹಾಗೆ ಅದೂ ಬಾಡುತ್ತದೆ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಅಲ್ಲಾಡದೆ ನಿಂತ ಬಾಟಲಿಗಳನ್ನೇ ನೋಡಿ ಬೆಳೆದ ನಮಗೆ ಈ ಮಾತು ತಟ್ಟನೆ ಒಪ್ಪಿಗೆಯಾಗುವುದಿಲ್ಲ. ಆ ಬಾಟಲಿಯ ಬಿಯರನ್ನು ಸೋಸಿ, ಬಿಸಿ ಮುಟ್ಟಿಸಿ, ದೀರ್ಘಪ್ರಯಾಣಕ್ಕೆ ಗಟ್ಟಿ ಮಾಡಿ ಕಳಿಸಿರುತ್ತಾರೆ. ಬೆಂಗಳೂರಿನ ಮೈಕ್ರೋಬ್ರೂವರಿಯ ಟ್ಯಾಂಕಿನಿಂದ ನೇರವಾಗಿ ಲೋಟಕ್ಕೆ ಇಳಿಯುವುದು ಬೇರೆಯೇ ಸರಕು. ಅದರಲ್ಲಿ ಯೀಸ್ಟ್ ಇನ್ನೂ ಬದುಕಿರುತ್ತದೆ, ಹಾಪ್ಸ್ ಹೂವಿನ ಎಣ್ಣೆ ಇನ್ನೂ ಹಸಿಯಾಗಿರುತ್ತದೆ. ಅದನ್ನು ಮನೆಗೆ ಒಯ್ಯುವವರು ಕೂಲರ್ ಬ್ಯಾಗ್ ಇಲ್ಲದೆ ಹೊರಡಲೇಬಾರದು.

ಬ್ರೂವರ್‌ಗಳ ಬಾಯಲ್ಲಿ ಒಂದು ಲೆಕ್ಕ ಓಡಾಡುತ್ತದೆ: 3-30-300. 32 ಡಿಗ್ರಿ ಸೆಕೆಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿ ಚಳಿಯಲ್ಲಿ 300 ದಿನ. ಎಲ್ಲಿಟ್ಟರೂ ಬಿಯರು ಹೆಚ್ಚುಕಡಿಮೆ ಒಂದೇ ಸಮ ಹಳತಾಗಿರುತ್ತದೆ. ಇದು ಪ್ರಯೋಗಶಾಲೆಯ ಲೆಕ್ಕವಲ್ಲ, ಕೈಯಂದಾಜು. ಆದರೂ ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 32 ಡಿಗ್ರಿ ಎಷ್ಟು ಬೇಗ ದಾಟುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಅದರ ಮೇಲೆ ಬಿಸಿಲಿನ ಕಾಟ ಬೇರೆ. ಹಾಪ್ಸಿನ ಕಹಿ ಅಂಶಕ್ಕೆ ಸೂರ್ಯನ ಬೆಳಕು ತಾಗಿದರೆ ನಿಮಿಷಗಳಲ್ಲಿ ಒಂದು ಗಂಧಕದ ವಾಸನೆ ಹುಟ್ಟುತ್ತದೆ. ಕಂದು ಗಾಜು ಅದನ್ನು ಬಹಳಷ್ಟು ತಡೆಯುತ್ತದೆ, ಹಸಿರು ಗಾಜಿಗೆ ಆ ಶಕ್ತಿ ಕಡಿಮೆ. ಚೀಲದೊಳಗಿನ ಕತ್ತಲೆಗೂ ಬೆಲೆಯಿದೆ.

ಚೀಲ ಅಂದೆ. ಅದನ್ನು ಕೊಳ್ಳುವಾಗ ಹೊರಗಿನ ಬಣ್ಣ ನೋಡಬೇಡಿ, ಗೋಡೆಯನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿ. ಒಳಗೆ ಫೋಮ್ ದಪ್ಪವಾಗಿ, ಬಿಟ್ಟ ಕೂಡಲೇ ಮರಳಿ ಎದ್ದರೆ ಸರಿ. ಆ ಫೋಮಿನ ತುಂಬ ಒಂದಕ್ಕೊಂದು ದಾರಿಯಿಲ್ಲದ ಪುಟ್ಟ ಗುಳ್ಳೆಗಳಿರುತ್ತವೆ. ಅವುಗಳಲ್ಲಿ ಸಿಕ್ಕಿಬಿದ್ದು ಅಲುಗಾಡಲಾರದ ಗಾಳಿಯೇ ಶಾಖವನ್ನು ತಡೆಯುವುದು. ಒಳಮೈಯ ಬೆಳ್ಳಿ ಹಾಳೆಯ ಮೂಲೆಗಳಲ್ಲಿ ಹೊಲಿಗೆಯ ತೂತು ಕಾಣಬಾರದು. ಕಂಡರೆ ಕರಗಿದ ನೀರೆಲ್ಲ ಫೋಮಿಗೆ ಇಳಿದು ಮುಗ್ಗಲು ಹಿಡಿಯುತ್ತದೆ. ಎಲ್ಲಕ್ಕಿಂತ ದುರ್ಬಲ ಜಾಗ ಜಿಪ್. ತಂಪೆಲ್ಲ ಸೋರಿಹೋಗುವುದು ಅಲ್ಲಿಂದಲೇ. ಜಿಪ್ಪಿನ ಮೇಲೆ ಮಡಚಿಕೊಳ್ಳುವ ಒಂದು ಪಟ್ಟಿ ಇದ್ದರೆ ಆ ಚೀಲಕ್ಕೆ ನೂರು ರೂಪಾಯಿ ಜಾಸ್ತಿ ಕೊಡಬಹುದು.

ಚೀಲ ಚಳಿಯನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಕಾಯುತ್ತದೆ ಅಷ್ಟೆ. ಹುಟ್ಟಿಸುವುದು ಐಸ್. ಒಂದು ಕಿಲೋ ಐಸ್ ಬರೀ ಕರಗುವುದಕ್ಕೆ ಹೀರುವ ಶಾಖ ಎಷ್ಟೆಂದರೆ, ನಾಲ್ಕು ಲೀಟರ್ ನೀರನ್ನು 25 ಡಿಗ್ರಿಯಿಂದ 5ಕ್ಕೆ ಇಳಿಸಬಹುದು. ನನಗೆ ಇದು ಇಂದಿಗೂ ಬೆರಗಿನ ವಿಷಯ. ಹಾಗಾಗಿ ಐಸ್ ಕರಗಿತಲ್ಲ ಅಂತ ಪೇಚಾಡಬೇಕಿಲ್ಲ. ಕರಗುವುದೇ ಅದರ ಕೆಲಸ. ಐಸ್ ನೀರು ಬಾಟಲಿಯ ಮೈಯೆಲ್ಲ ಆವರಿಸಿಕೊಂಡು ಗಟ್ಟಿ ತುಂಡುಗಳಿಗಿಂತ ಬೇಗ ತಣಿಸುತ್ತದೆ.

ಐಸ್ ಅಂದ ಕೂಡಲೇ ಫ್ರೆಡರಿಕ್ ಟ್ಯೂಡರ್ ನೆನಪಾಗುತ್ತಾನೆ. ಬೋಸ್ಟನ್ನಿನ ಈ ವ್ಯಾಪಾರಿ ಚಳಿಗಾಲದಲ್ಲಿ ಕೆರೆಗಳ ಮೇಲಿನ ಹಿಮಗಡ್ಡೆಯನ್ನು ಕೊಯ್ಸಿ, 1833ರಲ್ಲಿ ಟಸ್ಕನಿ ಎಂಬ ಹಡಗಿಗೆ 180 ಟನ್ ಹೇರಿ ಕಲ್ಕತ್ತಕ್ಕೆ ಕಳಿಸಿದ. ನಾಲ್ಕು ತಿಂಗಳ ಸಮುದ್ರಯಾನ, ಸಮಭಾಜಕವನ್ನು ಎರಡು ಸಲ ದಾಟಬೇಕು. ಆದರೂ ಸುಮಾರು 100 ಟನ್ ಗಟ್ಟಿಯಾಗಿಯೇ ಬಂದು ಇಳಿಯಿತು. ಅವನು ನೆಚ್ಚಿಕೊಂಡದ್ದು ಮರದ ಹೊಟ್ಟನ್ನು. ಹೊಟ್ಟಿನ ಎಡೆಯಲ್ಲಿ ಸಿಕ್ಕಿದ ಗಾಳಿ ಅಂದು ಮಾಡಿದ ಕೆಲಸವನ್ನೇ ಇಂದು ನಮ್ಮ ಚೀಲದ ಫೋಮ್ ಮಾಡುತ್ತಿದೆ. ಮದ್ರಾಸಿನ ಕಡಲ ದಂಡೆಯಲ್ಲಿ ಅವನು ಕಟ್ಟಿಸಿದ ಐಸ್ ಹೌಸ್ ಈಗಲೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಕಟ್ಟಡ ಅದೇ.

ಅದೇ ಕಲ್ಕತ್ತಕ್ಕೆ ಟ್ಯೂಡರನಿಗಿಂತ ಮೊದಲೇ ಲಂಡನ್ನಿನ ಜಾರ್ಜ್ ಹಾಡ್ಜ್‌ಸನ್ ಪೀಪಾಯಿಗಟ್ಟಲೆ ಬಿಯರ್ ಕಳಿಸುತ್ತಿದ್ದ. ಅದಕ್ಕೆ ಐಸಿನ ಆಸರೆ ಇರಲಿಲ್ಲ. ಕಾಯ್ದದ್ದು ಧಾರಾಳವಾಗಿ ಹಾಕಿದ ಹಾಪ್ಸ್. ಇಂಡಿಯಾ ಪೇಲ್ ಏಲ್ ಎಂಬ ಹೆಸರು ಬಂದದ್ದು ಆ ವ್ಯಾಪಾರದಿಂದ. ಇಂದಿನ ಐಪಿಎ ಮಾತ್ರ ಆ ಗಟ್ಟಿಗ ಅಜ್ಜನ ನಾಜೂಕು ಮೊಮ್ಮಗು. 1972ರಲ್ಲಿ ಅಮೆರಿಕದಲ್ಲಿ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿ ಬೆಳೆಗಾರರ ಕೈಸೇರಿತು, ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬ್ರೂವರಿ ಅದರಿಂದಲೇ ತನ್ನ ಪೇಲ್ ಏಲ್‌ಗೆ ಹೆಸರು ತಂದುಕೊಂಡಿತು. ಆಗಿನಿಂದ ಜನ ಹಾಪ್ಸಿನಲ್ಲಿ ಬಾಳಿಕೆಗಿಂತ ಘಮವನ್ನು ಹುಡುಕತೊಡಗಿದರು. ಆ ಘಮ ದೇವನಹಳ್ಳಿ ಚಕ್ಕೋತದ ಸಿಪ್ಪೆ ಸುಲಿದಾಗ ಮೂಗಿಗೆ ಚಿಮ್ಮುತ್ತದಲ್ಲ, ಅದರ ಹತ್ತಿರದ್ದು. ಸೆಕೆಗೂ ಗಾಳಿಗೂ ಮೊದಲು ಸೋಲುವುದು ಅದೇ. ಚೀಲದಲ್ಲಿ ಐಸಿಗೆ ಅಂಟಿದ ಜಾಗ ಐಪಿಎಗೇ ಮೀಸಲು.

ನಮ್ಮ ಊರಿನ ವಿಷಯಕ್ಕೆ ಬರೋಣ. 2010ರ ಆಸುಪಾಸಿನಿಂದ ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳು ಏಳತೊಡಗಿದವು. ಇಂದಿರಾನಗರದ ಟಾಯ್ಟ್‌ನಲ್ಲಿ ಬಾಸ್ಮತಿ ಅಕ್ಕಿ ಬೆರೆಸಿದ ಬ್ಲಾಂಡ್ ಬಿಯರ್ ಸಿಗುತ್ತದೆ, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಲ್ಲಿ ಬಿಯರಿನ ಜತೆ ಜಾಝ್ ಸಂಗೀತವೂ ಇದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಪಾರ್ಸೆಲ್ಲಿಗೆ ಅನುಮತಿ ಸಿಕ್ಕ ಮೇಲೆ ಗ್ರೌಲರ್ ಎಂಬ ದಪ್ಪ ಹೊಟ್ಟೆಯ ಜಾಡಿ ಮಧ್ಯಮವರ್ಗದ ಮನೆಗಳಿಗೂ ಬಂತು. ಗ್ರೌಲರನ್ನು ನಿಲ್ಲಿಸಿಯೇ ಒಯ್ಯಬೇಕು. ಪಕ್ಕದ ಸಂದಿಗೆ ಹಳೆಯ ಟವೆಲ್ ತುರುಕಿದರೆ ಕುಲುಕಾಟವೂ ಕಡಿಮೆ, ಬಿಸಿಗಾಳಿಗೆ ಜಾಗವೂ ಇಲ್ಲ. ಮುಚ್ಚಿದ್ದು ಒಂದೆರಡು ದಿನ ಚೆನ್ನಾಗಿರುತ್ತದೆ. ಬಿರಡೆ ತೆಗೆದ ಮೇಲೆ ಆ ರಾತ್ರಿಯೇ ಮುಗಿಸಬೇಕು, ಆದ್ದರಿಂದ ಜತೆಗೆ ಇಬ್ಬರಾದರೂ ಇರಲಿ. ಕಾರು ಓಡಿಸುವವರ ಪಾಲು ಮನೆ ತಲುಪಿದ ಮೇಲೆ.

ಒಂದು ಗ್ರೌಲರ್ ಗೋಧಿ ಬಿಯರ್‌ಗೆ ಇರಲಿ ಅನ್ನುತ್ತೇನೆ. ಜರ್ಮನಿಯ ಹೆಫೆವೈಜನ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುವುದು ಯಾವ ಎಸೆನ್ಸಿನಿಂದಲೂ ಅಲ್ಲ, ಯೀಸ್ಟಿನಿಂದ. ಬಾಳೆಹಣ್ಣಿಗೆ ಅದರ ಘಮ ಕೊಡುವ ಐಸೊಅಮೈಲ್ ಅಸಿಟೇಟನ್ನೇ ಆ ಯೀಸ್ಟೂ ತಯಾರಿಸುತ್ತದೆ. ಬೆಲ್ಜಿಯಂ ಕಡೆಯ ವಿಟ್‌ಬಿಯರ್‌ಗಾದರೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಹೆಚ್ಚುಕಡಿಮೆ ಅಳಿದೇ ಹೋಗಿದ್ದ ಈ ಬಗೆಯನ್ನು 1960ರ ದಶಕದಲ್ಲಿ ಹೋಗಾರ್ಡನ್ ಊರಿನಲ್ಲಿ ಮತ್ತೆ ಬದುಕಿಸಿದವನು ಪಿಯರ್ ಸೆಲಿಸ್. ಮೊದಲು ಅವನು ಹಾಲು ಮಾರುತ್ತಿದ್ದ. ನಿಪ್ಪಟ್ಟಿನ ಜತೆ ಆ ಕೊತ್ತಂಬರಿ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಬೇರೆ ನಂಜಿಕೆ ಬೇಕೆನಿಸುವುದಿಲ್ಲ.

ಸ್ಟೌಟ್ ಬಿಯರ್ ಒಯ್ದಿದ್ದರೆ ಅದನ್ನು ಚೀಲದ ಮೇಲ್ಭಾಗದಲ್ಲಿ, ಐಸಿನಿಂದ ದೂರ ಇಡಿ. ಮನೆ ತಲುಪಿದ ಕೂಡಲೇ ಹೊರಗೆ ತೆಗೆದು ಅರ್ಧ ಗಂಟೆ ಮೇಜಿನ ಮೇಲೆ ಬಿಡಿ. ಕಪ್ಪಾಗುವಂತೆ ಹುರಿದ ಬಾರ್ಲಿಯ ಕಾಫಿ, ಕೋಕೋ ರುಚಿಗಳು 12 ಡಿಗ್ರಿಯ ಹತ್ತಿರ ಬಂದಾಗಲೇ ನಾಲಿಗೆಗೆ ಸಿಗುವುದು. ಕೊರೆಯುವ ಚಳಿಯಲ್ಲಿ ಬರೀ ಕಹಿ ಉಳಿಯುತ್ತದೆ. ಅಷ್ಟರವರೆಗೆ ಗೋಧಿ ಬಿಯರಿನಿಂದ ಶುರುಮಾಡಿ, ಐಪಿಎ ಮುಗಿಸಿಕೊಳ್ಳಿ.