ಎರಡು ಬಿಂದಿಗೆ ನೀರು

ದಸರಾ ರಜೆಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಸಿಕ್ಕಿತು. ಪಿಯುಸಿಯಲ್ಲಿದ್ದಾಗ, ಕೆಮಿಸ್ಟ್ರಿ ನೋಟ್ಸ್ ಬರೆಯುತ್ತಿದ್ದೇನೆಂದು ಮನೆಯವರನ್ನು ನಂಬಿಸಿ ಬರೆದ ಫ್ಯಾಂಟಸಿ ಕಾದಂಬರಿ. ಮೊದಲ ಪುಟದಲ್ಲಿ ಸ್ಕೆಚ್ ಪೆನ್ನಿನ ನಕಾಶೆ. ಅದರಲ್ಲೊಂದು ನದಿ ಸಮುದ್ರದಲ್ಲಿ ಹುಟ್ಟಿ ಬೆಟ್ಟಕ್ಕೆ ಹೋಗಿ ಸೇರುತ್ತದೆ. ಅದು ಮಾಯೆಯಲ್ಲ, ನನ್ನ ಭೂಗೋಳ.

ಮಾಯೆಯ ಲೆಕ್ಕ ಬೇರೆ ಇತ್ತು. ಪಂಚಭೂತಗಳು, ಒಂದೊಂದಕ್ಕೂ ವಿಡಿಯೋ ಗೇಮಿನ ಹಾಗೆ ಏಳು ಹಂತ. ಕೊನೆಗೊಂದು ಸೊನ್ನೆ ಸೇರಿಸಿದರೆ ಯಾವ ಪದವಾದರೂ ಮಂತ್ರ. ನಾಯಕ ಕೈಯೆತ್ತಿದರೆ ಬೆಂಕಿ. ಅವನಿಗೆ ಸುಸ್ತಿಲ್ಲ, ಹಸಿವಿಲ್ಲ. ಸಿಟ್ಟು ಮಾತ್ರ ಬೇಕಿತ್ತು. ಅದಕ್ಕಾಗಿ ಮೊದಲ ಅಧ್ಯಾಯದಲ್ಲೇ ಅವನ ಅಕ್ಕನನ್ನು ಕೊಲ್ಲಿಸಿದ್ದೆ.

ಆಗ ಅದನ್ನು ಓದಿದ ಒಬ್ಬಳೇ ಓದುಗಳು ನನ್ನ ಅಕ್ಕ. ಎಸ್ಸೆಸ್ಸೆಲ್ಸಿ ಮುಗಿಸಿ ಗಾರ್ಮೆಂಟ್ಸ್‌ಗೆ ಸೇರಿದ್ದಳು. ರಾತ್ರಿ ವ್ಯಾನಿನಿಂದ ಇಳಿದು, ಊಟ ಮಾಡಿ, ಗೋಡೆಗೊರಗಿ ಓದಿದಳು. "ನಾನೇನೋ ಮಾಡಿದ್ದೆ ನಿಂಗೆ? ಬಂದ ತಕ್ಷಣ ಸಾಯ್ಸಿದ್ದೀಯಲ್ಲ" ಎಂದು ನಕ್ಕಳು. ಕಥೆಗೆ ಅದು ಬೇಕಿತ್ತು ಕಣಕ್ಕ ಎಂದಿದ್ದೆ.

ಹತ್ತು ವರ್ಷದ ಮೇಲೆ, ಥೀಸಿಸ್ ಬರೆಯಬೇಕಾದ ಹೊತ್ತಿನಲ್ಲಿ, ಆ ಕಾದಂಬರಿಯನ್ನು ತಿದ್ದಲು ಕೂತೆ. (ಥೀಸಿಸ್ ಬರೆಯಬೇಕಾದ ಹೊತ್ತಿನಲ್ಲಿ ಮನುಷ್ಯ ಏನು ಬೇಕಾದರೂ ಮಾಡಬಲ್ಲ.) ಬ್ರ್ಯಾಂಡನ್ ಸ್ಯಾಂಡರ್ಸನ್ 2007ರಲ್ಲಿ ಬರೆದ ಪ್ರಬಂಧ ಓದಿದೆ. ಮಾಯೆ ಹೇಗೆ ಕೆಲಸ ಮಾಡುತ್ತದೆಂದು ಓದುಗರಿಗೆ ಎಷ್ಟು ತಿಳಿದಿದೆಯೋ ಅಷ್ಟರಮಟ್ಟಿಗೆ ಮಾತ್ರ ಅದರಿಂದ ಕಥೆಯ ತೊಡಕು ಬಿಡಿಸಬಹುದು ಎನ್ನುತ್ತಾನೆ. ಅರ್ಸುಲಾ ಲೆ ಗ್ವಿನ್‌ಳ 1968ರ 'ಎ ವಿಝರ್ಡ್ ಆಫ್ ಅರ್ಥ್‌ಸೀ'ಯಲ್ಲಿ ವಸ್ತುವಿನ ನಿಜ ಹೆಸರು ಗೊತ್ತಿದ್ದವರಿಗೆ ಅದರ ಮೇಲೆ ಅಧಿಕಾರ. ಆದರೆ ಒಂದನ್ನು ಬದಲಿಸಿದರೆ ಲೋಕದ ಸಮತೋಲವೇ ಅಲುಗುತ್ತದೆ. ನಾನೂ ಬೆಲೆ ಕಟ್ಟಿದೆ. ಒಂದು ಜ್ವಾಲೆಗೆ ಒಂದು ವರ್ಷದ ಆಯಸ್ಸು, ಒಂದು ಬಿರುಗಾಳಿಗೆ ಒಂದು ನೆನಪು. ಎಕ್ಸೆಲ್ ಶೀಟ್ ಕರೆಂಟ್ ಬಿಲ್ಲಿನಂತೆ ಕಾಣುತ್ತಿತ್ತು. ಕಥೆ ಏಳಲಿಲ್ಲ.

ನನ್ನ ಸಂಶೋಧನೆ ಜನಪದ ಕಥೆಗಳ ಮೇಲೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಹೂವಿನ ಗಿಡವಾಗುವ ಹುಡುಗಿಯ ಕನ್ನಡ ಕಥೆ ನಿಮಗೆ ಗೊತ್ತಿರಬಹುದು. ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಸಿನಿಮಾ ಮಾಡಿದ್ದು ಇದನ್ನೇ ಇಟ್ಟುಕೊಂಡು. ತಾಯಿ ಕೂಲಿ ಮಾಡಿ ಸವೆಯುವುದನ್ನು ನೋಡಲಾರದೆ ಕಿರಿಯ ಮಗಳು ತಾನು ಗಿಡವಾಗುತ್ತೇನೆ, ಹೂ ಮಾರೋಣ ಎನ್ನುತ್ತಾಳೆ. ನಿಯಮಗಳು ಸ್ಪಷ್ಟ. ಉಗುರು ತಾಗದಂತೆ ಎರಡು ಬಿಂದಿಗೆ ನೀರು ತರಬೇಕು. ಒಂದನ್ನು ಸುರಿದರೆ ಗಿಡ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಎಲೆ, ಕುಡಿ ಮುರಿಯಬಾರದು. ಮುಂದೆ ರಾಜನ ಮಗಳು, ಅವಳ ಗೆಳತಿಯರು ಕೊಂಬೆ ಮುರಿದು, ನೀರನ್ನೂ ಸರಿಯಾಗಿ ಸುರಿಯದೆ ಓಡಿಹೋದಾಗ ಈ ಹುಡುಗಿ ಕೈಕಾಲಿಲ್ಲದ ಮುದ್ದೆಯಾಗಿ ಉಳಿಯುತ್ತಾಳೆ.

ಆಶಯಗಳಿಗೆ ಗೆರೆ ಎಳೆಯುತ್ತಾ ಎಷ್ಟು ಸಲ ಓದಿದ್ದೆನೋ. ಮೊದಲು ನೀರು ಹೊತ್ತು ತಂದು ಸುರಿದವಳು ಯಾರೆಂದು ಒಂದು ಸಲವೂ ಗುರುತು ಹಾಕಿರಲಿಲ್ಲ. ಅವಳ ಅಕ್ಕ.

ನನ್ನ ಡಿಗ್ರಿ ಫೀಸು, ಹಾಸ್ಟೆಲ್, ಎಂ.ಎ., ಫೆಲೋಶಿಪ್ ತಡವಾದ ತಿಂಗಳುಗಳ ಮೆಸ್ ಬಿಲ್ಲು. ಇದನ್ನು ಇಷ್ಟಕ್ಕೇ ಬಿಡುತ್ತೇನೆ; ಹೆಚ್ಚು ಬರೆದರೆ ಅಕ್ಕನಿಗೆ ಸಿಟ್ಟು ಬರುತ್ತದೆ.

ಎಕ್ಸೆಲ್ ಶೀಟ್ ಅಳಿಸಿದೆ. ಈಗ ನನ್ನ ಲೋಕದಲ್ಲಿ ಯಾರು ಬೇಕಾದರೂ ಹಕ್ಕಿಯೋ ಮರವೋ ಆಗಬಹುದು, ಆದರೆ ತಾವಾಗಿಯೇ ಮರಳಲಾರರು. ಯಾರಾದರೂ ಕಾದು ಕೂತಿರಬೇಕು. ತಮ್ಮ ಹಕ್ಕಿಯಾಗುತ್ತಾನೆ, ಯುದ್ಧ ಗೆಲ್ಲುತ್ತಾನೆ, ಊರು ಅವನನ್ನು ಹಾಡಿ ಹೊಗಳುತ್ತದೆ. ಅಕ್ಕ ಸಾಯುವುದಿಲ್ಲ; ನೀರು ತರುತ್ತಾಳೆ.

ಬಹಳ ಹೆಮ್ಮೆಯಿಂದ ಫೋನಿನಲ್ಲಿ ಹೇಳಿದೆ. ಅವಳದು ಊಟದ ಬಿಡುವು, ಅರ್ಧ ಗಂಟೆ. ಹಿಂದೆ ಡಬ್ಬಿಗಳ ಸದ್ದು. ಪೂರ್ತಿ ಕೇಳಿಸಿಕೊಂಡು, "ನೀರು ಹುಯ್ಯೋಳಿಗೇ ಮರ ಆಗ್ಬೇಕು ಅನ್ನಿಸಿದ್ರೆ?" ಎಂದಳು.

ನನ್ನ ನಿಯಮಗಳಲ್ಲಿ ಅದಿರಲಿಲ್ಲ. ನೋಡ್ತೀನಿ ಎಂದೆ. "ನೋಡು. ಬೆಲ್ ಆಯ್ತು, ಇಡ್ತೀನಿ" ಎಂದಳು.

ಆಮೇಲೆ ಎರಡು ಅಧ್ಯಾಯ ಹರಿದು ಹಾಕಿದೆ. ಮೂರನೆಯದರಲ್ಲಿ ಅಂಗಳದ ನಡುವೆ ಅಕ್ಕ ಕಣ್ಣು ಮುಚ್ಚಿ ಕೂತಿದ್ದಾಳೆ. ತಮ್ಮ ಬಾವಿಯ ಹತ್ತಿರ ನಿಂತಿದ್ದಾನೆ, ಉಗುರು ತಾಗದಂತೆ ಬಿಂದಿಗೆ ಹಿಡಿಯುವುದು ಹೇಗೆಂದು ಗೊತ್ತಾಗದೆ.