ಬರೀ ಹೂರಣ

ಆಫೀಸಿನ ಪ್ಯಾಂಟ್ರಿಯಲ್ಲಿ ಯಾರದೋ ಹುಟ್ಟುಹಬ್ಬದ ಕೇಕ್ ಕತ್ತರಿಸುತ್ತಿದ್ದರು. ನನ್ನ ಕೈಗೆ ಬಂದ ಪೇಪರ್ ಪ್ಲೇಟನ್ನು ಎಂದಿನಂತೆ ಪಕ್ಕದವನಿಗೆ ದಾಟಿಸಿದೆ. ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿ "ಡಯಟ್ಟಾ ಸರ್?" ಅಂದಳು. ಇಲ್ಲಮ್ಮ, ನನಗೆ ಗೋಧಿ ಆಗಲ್ಲ ಅಂದೆ. "ಓಹ್, ಗ್ಲುಟೆನ್ ಫ್ರೀ! ಹಾಗಾದ್ರೆ ಬೇಗ ಸಣ್ಣ ಆಗ್ತೀರ ಬಿಡಿ" ಅಂತ ಖುಷಿಯಿಂದ ಹೇಳಿದಳು. ಅವತ್ತು ನನ್ನ ತೂಕ 81 ಕೆ.ಜಿ. ಗೋಧಿ ಬಿಡೋಕೆ ಮುಂಚೆ ನಾನು 52 ಇದ್ದೆ.

ಕೇಳಿದವರಿಗೆಲ್ಲ ಅಲರ್ಜಿ ಅಂತಲೇ ಹೇಳೋದು ನಾನು. ಅಷ್ಟು ಹೇಳಿದರೆ ಜನಕ್ಕೆ ಅರ್ಥ ಆಗುತ್ತೆ, ಇಲ್ಲವಾದರೆ ಹತ್ತು ನಿಮಿಷದ ಪಾಠ. ಸರಿಯಾದ ಹೆಸರು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗ ನಮ್ಮದೇ ರೋಗನಿರೋಧಕ ಪಡೆ ನಮ್ಮ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಟರ್ಕಿ ಟವೆಲಿನ ಎಳೆಗಳ ಹಾಗೆ ನಿಂತಿರುವ ಸಣ್ಣ ಸಣ್ಣ ಕುಚ್ಚುಗಳಿರುತ್ತವೆ, ಊಟದ ಸಾರವನ್ನು ಹೀರಿಕೊಳ್ಳುವುದು ಅವೇ. ಅವು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ನೀವು ಎಷ್ಟು ತಿಂದರೂ ಅದು ತೂತು ಬಿಂದಿಗೆಗೆ ಸುರಿದ ನೀರು.

ತಿಪಟೂರಿನ ಕಡೆಯ ಹಳ್ಳಿ ನಮ್ಮದು. ಎರಡು ಹೊತ್ತೂ ಮುದ್ದೆ, ಜೊತೆಗೊಂದಿಷ್ಟು ಅನ್ನ. ಗೋಧಿ ಅಂದರೆ ನೆಂಟರು ಬಂದಾಗ ಮಾಡೋ ಉಪ್ಪಿಟ್ಟು, ಜಾತ್ರೆಗೊಂದು ಪೂರಿ, ಅಷ್ಟೇ. ಬಿಇ ಮಾಡೋಕೆ ಹಾಸ್ಟೆಲ್ ಸೇರಿದೆ, ಆಮೇಲೆ ಬೆಂಗಳೂರಿನ ಪಿಜಿ. ದಿನಾ ಚಪಾತಿ, ಬ್ರೆಡ್ಡು, ಪಾಸ್ತಾ. ಈ ಕಾಯಿಲೆ ಯಾವ ವಯಸ್ಸಲ್ಲಾದರೂ ಕಾಣಿಸಿಕೊಳ್ಳಬಹುದಂತೆ. ನನಗೆ ಇಪ್ಪತ್ತಾರು ದಾಟಿದ ಮೇಲೆ ಜೋರಾಯಿತು. ಊಟ ಆದ ಗಂಟೆಗೆಲ್ಲ ಹೊಟ್ಟೆ ಉಬ್ಬರ, ವಾರಕ್ಕೆ ಮೂರು ದಿನ ಭೇದಿ, ಮೂರನೇ ಮಹಡಿಗೆ ಹತ್ತಿದರೆ ಕಣ್ಣು ಕತ್ತಲೆ. ಹಿಮೋಗ್ಲೋಬಿನ್ 8.2. ಎರಡು ವರ್ಷ ಕಬ್ಬಿಣದ ಮಾತ್ರೆ ನುಂಗಿದರೂ ಅದು ಮೇಲೇಳಲಿಲ್ಲ. ಊರಿಗೆ ಹೋದರೆ ಅಮ್ಮ ನನ್ನ ಮುಂಗೈ ಹಿಡಿದು ತನ್ನ ಹೆಬ್ಬೆರಳು, ಕಿರುಬೆರಳು ಕೂಡುತ್ತಾ ಅಂತ ನೋಡೋಳು. ಕೂಡುತ್ತಿತ್ತು. ಏನೂ ಅನ್ನದೆ ಒಳಗೆ ಹೋಗೋಳು.

ಕೊನೆಗೆ ಹೊಟ್ಟೆಯ ಡಾಕ್ಟರೊಬ್ಬರು ರಕ್ತದಲ್ಲಿ ಒಂದು ಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆಸಿ ನೋಡಿ ಹೇಳಿದರು. (ಅನುಮಾನ ಇರೋರಿಗೆ ಒಂದು ಮಾತು: ಪರೀಕ್ಷೆಗೆ ಮುಂಚೆ ನೀವೇ ಗೋಧಿ ಬಿಟ್ಟುಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು.) ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಜೀವನಪೂರ್ತಿ ಗೋಧಿ ಬಿಡೋದೊಂದೇ ಔಷಧಿ. ಇದಕ್ಕೆ ಗೋಧಿಯೇ ಕಾರಣ ಅಂತ ತೋರಿಸಿದವರು ವಿಲ್ಲೆಮ್ ಡಿಕ್ಕೆ ಅನ್ನೋ ಡಚ್ ಮಕ್ಕಳ ಡಾಕ್ಟರ್. ಅವರಿಗೆ ಮೊದಲೇ ಅನುಮಾನ ಇತ್ತು. 1944-45ರ ಚಳಿಗಾಲದಲ್ಲಿ ಯುದ್ಧದ ಬರ ಬಂದು ಬ್ರೆಡ್ ಸಿಗದಂತಾದಾಗ ಊರಿಗೆ ಊರೇ ಹಸಿದಿದ್ದರೆ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರಂತೆ. ಮತ್ತೆ ಬ್ರೆಡ್ ಬಂದಾಗ ಎಲ್ಲರಿಗೂ ಹಬ್ಬ, ಈ ಮಕ್ಕಳಿಗೆ ಮತ್ತೆ ಭೇದಿ. ಇದನ್ನು ಓದಿದ ದಿನ ನನಗೆ ಆ ಮಕ್ಕಳ ಅಮ್ಮಂದಿರ ನೆನಪೇ ಜಾಸ್ತಿ ಆಯಿತು.

ಗೋಧಿ ಬಿಡೋದು ಅಂದರೆ ಚಪಾತಿ ಬಿಡೋದು ಅಂದುಕೊಂಡಿದ್ದೆ. ಖಾರಾಬಾತ್, ಕೇಸರಿಬಾತ್, ರವೆದೋಸೆ ಹೋದವು, ಸರಿ. ಗೋಬಿ ಮಂಚೂರಿ ಮೈದಾದಲ್ಲಿ ಮುಳುಗಿದ್ದು, ಸಾಲದ್ದಕ್ಕೆ ಸೋಯಾ ಸಾಸಿನಲ್ಲೂ ಗೋಧಿ. ಉದ್ದಿನವಡೆಯಲ್ಲಿ ಗೋಧಿ ಇಲ್ಲ, ಆದರೆ ಅದೇ ಬಾಣಲೆಯಲ್ಲಿ ಪೂರಿ ಕರಿದಿರುತ್ತಾರೆ. ಎಲ್ಲ ಬಿಟ್ಟರೂ ನಾಲ್ಕು ತಿಂಗಳು ಹೊಟ್ಟೆ ಪೂರಾ ಸರಿಹೋಗಲಿಲ್ಲ. ನಾನೇ ಮಾಡಿದ ಅನ್ನ, ನಾನೇ ಮಾಡಿದ ಸಾರು, ಆದರೂ ಉಬ್ಬರ. ಒಂದು ರಾತ್ರಿ ಅಡುಗೆಮನೆಯಲ್ಲಿದ್ದ ಪ್ರತಿ ಡಬ್ಬಿಯ ಹಿಂದಿನ ಸಣ್ಣಕ್ಷರ ಓದುತ್ತಾ ಕೂತೆ. ಸಿಕ್ಕಿದ್ದು ಇಂಗಿನ ಡಬ್ಬಿಯಲ್ಲಿ. ನಾವು ಇಂಗು ಅಂತ ಒಗ್ಗರಣೆಗೆ ಹಾಕೋ ಪುಡಿಯಲ್ಲಿ ಎಷ್ಟೋ ಸಲ ಇಂಗಿಗಿಂತ ಹಿಟ್ಟೇ ಜಾಸ್ತಿ, ನನ್ನ ಡಬ್ಬಿಯಲ್ಲಿದ್ದದ್ದು ಗೋಧಿ ಹಿಟ್ಟು. ಮುಂದೆ ರಾಗಿ ಹಿಟ್ಟಿನದೂ ಅದೇ ಕಥೆ. ನಮ್ಮ ಏರಿಯಾದ ಮಿಲ್ಲಿನಲ್ಲಿ ಇರೋದು ಒಂದೇ ಯಂತ್ರ, ಗೋಧಿ ಬೀಸಿದ ಬೆನ್ನಿಗೇ ರಾಗಿ. ಬೇರೆ ಮಾಡಿಕೊಡಿ ಅಂದರೆ ಮಿಲ್ಲಿನವನು ನನ್ನನ್ನೇ ನೋಡಿ ನಕ್ಕ. ಊರಿನ ಮಿಲ್ಲಿನಲ್ಲಿ ರಾಗಿಗೆ ಬೇರೆ ಕಲ್ಲಿದೆ. ಅವತ್ತಿಂದ ಹಿಟ್ಟು ಊರಿಂದಲೇ ಬರುತ್ತೆ, ರೈಲಿನಲ್ಲಿ, ಬಟ್ಟೆ ಚೀಲದಲ್ಲಿ.

ಇಷ್ಟಾದ ಮೇಲೆ ಕರುಳು ಚಿಗುರಿತು. ಈ ಭಾಗ ಯಾರೂ ಮುಂಚೆ ಹೇಳಿರಲಿಲ್ಲ. ಹತ್ತು ವರ್ಷದ ಹಸಿವು ಒಟ್ಟಿಗೆ ಬಂದ ಹಾಗೆ ತಿನ್ನುತ್ತಿದ್ದೆ, ಈಗ ತಿಂದದ್ದೆಲ್ಲ ಮೈಗೂ ಹತ್ತುತ್ತಿತ್ತು. ಮೊದಲ ವರ್ಷ 11 ಕೆ.ಜಿ. ಊರಿಗೆ ಹೋದಾಗ ಅಮ್ಮನ ಬೆರಳು ಕೂಡಲಿಲ್ಲ. "ಈಗ ನೋಡಪ್ಪ ಮೈ ತುಂಬಿರಾದು" ಅಂತ ಬೀದಿಯೋರಿಗೆಲ್ಲ ಕರೆದು ತೋರಿಸಿದಳು. ಆ ವರ್ಷದ ಯುಗಾದಿಗೆ ಎಲ್ಲರ ಎಲೆಗೂ ಒಬ್ಬಟ್ಟು ಬಿತ್ತು. ಕಣಕ ಮೈದಾದ್ದು, ನನಗಿಲ್ಲ. ಅಮ್ಮ ಒಂದು ಬಟ್ಟಲು ತುಂಬಾ ಬರೀ ಹೂರಣ ತಂದಿಟ್ಟಳು, ಮೇಲೆ ಎರಡು ಸೌಟು ತುಪ್ಪ, ಪಕ್ಕಕ್ಕೆ ಕಾಯಿಹಾಲು. "ಅವರಿಗೆಲ್ಲ ಒಬ್ಬಟ್ಟೈತೆ. ನಿನಗೇನೈತೆ ಪಾಪ, ಇದನ್ನಾದ್ರೂ ಉಣ್ಣು."

ನಾನು ದಪ್ಪಗಾಗಿದ್ದು ಈ "ಇದನ್ನಾದ್ರೂ" ಅನ್ನೋದರಿಂದ. ಅತ್ತೆ ಮನೆಯ ಗೃಹಪ್ರವೇಶಕ್ಕೆ ಹೋದರೆ ಎಲ್ಲರಿಗೂ ಚಿರೋಟಿ, ನನಗೆ ಅಂತಲೇ ಪಾತ್ರೆ ತುಂಬಾ ಅಕ್ಕಿ ಪಾಯಸ. ಟೀಮ್ ಲಂಚಲ್ಲಿ ಎಲ್ಲರೂ ಪಿಜ್ಜಾ, ಮ್ಯಾನೇಜರ್ ಪಾಪ ಅಂತ ನನಗೆ ತರಿಸೋದು ದೊಡ್ಡ ಪ್ಯಾಕೆಟ್ ಚಿಪ್ಸ್. ನನಗೂ ಅದೇ ರೋಗ. ಗ್ಲುಟೆನ್ ಫ್ರೀ ಅಂತ ಬರೆದ ಬಿಸ್ಕತ್ತು ಕಂಡರೆ, ಸಾಮಾನ್ಯ ಬಿಸ್ಕತ್ತಿನ ಮೂರರಷ್ಟು ದುಡ್ಡು ಕೊಟ್ಟು ಎರಡು ಪೊಟ್ಟಣ ತಂದು ಒಂದೇ ಸಂಜೆ ಮುಗಿಸುತ್ತಿದ್ದೆ. ನಮ್ಮ ದೇಶದಲ್ಲಿ ಆ ಹೆಸರು ಹಾಕಬೇಕಾದರೆ ಒಂದು ಕೆ.ಜಿ.ಯಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರುವಂತಿಲ್ಲ. ಸಕ್ಕರೆ, ಎಣ್ಣೆ ಎಷ್ಟಿರಬೇಕು ಅಂತ ಆ ಹೆಸರು ಏನೂ ಹೇಳಲ್ಲ. ಮರಗೆಣಸಿನ ಪಿಷ್ಟ, ಅಕ್ಕಿ ಹಿಟ್ಟು, ಸಕ್ಕರೆ, ಎಣ್ಣೆ: ನಾನು ತಿಂದಿದ್ದು ಇಷ್ಟೇ.

ಮೂರನೇ ವರ್ಷ ಆಫೀಸಿನವರು ಮಾಡಿಸೋ ಹೆಲ್ತ್ ಚೆಕಪ್‌ನಲ್ಲಿ ಫ್ಯಾಟಿ ಲಿವರ್, ಸಕ್ಕರೆ ಗಡಿಯಲ್ಲಿ. ಎಂಟು ಕೆ.ಜಿ. ಇಳಿಸಿ ಅಂದರು. ಡಯಟೀಶಿಯನ್ ಕೊಟ್ಟ ಹಾಳೆ ಈಗಲೂ ನನ್ನ ಹತ್ತಿರ ಇದೆ. ಬೆಳಿಗ್ಗೆ ಓಟ್ಸ್, ಇಲ್ಲವೇ ಗೋಧಿ ನುಚ್ಚಿನ ಉಪ್ಪಿಟ್ಟು. ಮಧ್ಯಾಹ್ನ ಎರಡು ಚಪಾತಿ. ಸಂಜೆ ಗೋಧಿ ರಸ್ಕ್ ಎರಡು. ರಾತ್ರಿ ಎರಡು ಫುಲ್ಕಾ, ಮೊಟ್ಟೆಯ ಬಿಳಿ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಓಟ್ಸಿನಲ್ಲಿ ಗ್ಲುಟೆನ್ ಇಲ್ಲವಾದರೂ ಹೊಲದಲ್ಲೋ ಕಾರ್ಖಾನೆಯಲ್ಲೋ ಗೋಧಿ ಬೆರೆತಿರುತ್ತೆ, ನನ್ನಂಥ ಕೆಲವರಿಗೆ ಶುದ್ಧ ಓಟ್ಸೂ ಒಗ್ಗಲ್ಲ. ಒಂದೊಂದೇ ಹೊಡೆದುಹಾಕುತ್ತಾ ಹೋದೆ. ಉಳಿದಿದ್ದು ಸೌತೆಕಾಯಿ ಮತ್ತು ಮಜ್ಜಿಗೆ. "ಅನ್ನ ಬಿಟ್ಟು ಚಪಾತಿ ತಿನ್ನಿ" ಅನ್ನೋದು ಬೆಂಗಳೂರಿನ ಅರ್ಧ ಡಯಟ್ಟಿನ ಬುನಾದಿ. ನನಗೆ ಆ ಬುನಾದಿಯೇ ಇಲ್ಲ.

ಸರಿ, ಲೆಕ್ಕ ನಾನೇ ಹಾಕೋಣ ಅಂತ ಒಂದು ಅಡುಗೆಮನೆ ತಕ್ಕಡಿ ತಂದೆ. ಮೊದಲ ವಾರವೇ ಅಹಂಕಾರ ಇಳಿಯಿತು. ರಾಗಿ ಅಂದರೆ ಸಣ್ಣ ಆಗೋ ಧಾನ್ಯ ಅಂತ ಊರೋನ ಹೆಮ್ಮೆ ನನಗಿತ್ತಲ್ಲ, ನೂರು ಗ್ರಾಂ ಲೆಕ್ಕದಲ್ಲಿ ಅಕ್ಕಿ, ಗೋಧಿ, ರಾಗಿ ಮೂರೂ ಹೆಚ್ಚುಕಮ್ಮಿ 320ರಿಂದ 360 ಕ್ಯಾಲರಿ ಒಳಗೇ. ನಾರು, ಸುಣ್ಣದ ಅಂಶದಲ್ಲಿ ರಾಗಿ ಮೇಲು, ಒಪ್ಪಿದೆ. ಆದರೆ ನಾನು ಕಟ್ಟುತ್ತಿದ್ದ ಒಂದು ಮುದ್ದೆಗೆ 160 ಗ್ರಾಂ ಹಿಟ್ಟು ಹೋಗುತ್ತಿತ್ತು. ಅಂದರೆ ಬರೀ ಮುದ್ದೆಯಲ್ಲೇ ಐನೂರು ಕ್ಯಾಲರಿ. ಊರಲ್ಲಿ ಅಪ್ಪ ಅಷ್ಟನ್ನು ಉಂಡು ತೋಟದಲ್ಲಿ ಕಾಯಿ ಹೊರುತ್ತಾರೆ. ನಾನು ಉಂಡು ಕುರ್ಚಿಯಲ್ಲಿ ಕೂತು ಮೀಟಿಂಗ್ ಸೇರುತ್ತೇನೆ.

ಇನ್ನು ತೆಂಗಿನಕಾಯಿ. ತೆಂಗು ಬೆಳೆಯೋರ ಮಗ ಕಾಯಿ ತೂಗೋದು ಅಂದರೆ ನೀರಿನ ಬಿಲ್ಲು ನೋಡಿದ ಮೀನಿನ ಹಾಗೆ. ಸಾರಿಗೆ ಒಂದು ಹೋಳು ಅನ್ನೋದು ನಮ್ಮನೆ ಅಳತೆ, ಒಬ್ಬನಿಗಾದರೂ ಅಷ್ಟೇ, ನಾಲ್ವರಿಗಾದರೂ ಅಷ್ಟೇ. ಹಸಿ ಕಾಯಿ ನೂರು ಗ್ರಾಮಿಗೆ 350 ಕ್ಯಾಲರಿಗೂ ಮೇಲೆ. ಊರಿಂದ ಹಿಟ್ಟಿನ ಜೊತೆ ಪ್ರತಿ ತಿಂಗಳು ಹನ್ನೆರಡು ಕಾಯಿ ಬರುತ್ತಿದ್ದವು. ಎಂಟನ್ನು ಪಕ್ಕದ ಮನೆಯವರಿಗೆ ಹಂಚಿದೆ. ಅಪ್ಪನಿಗೆ ಹೇಳಿಲ್ಲ.

ಮಾಡಿದ್ದು ದೊಡ್ಡದೇನಲ್ಲ. ಮುದ್ದೆಯನ್ನು 80 ಗ್ರಾಂ ಹಿಟ್ಟಿಗೆ ಇಳಿಸಿ, ತಟ್ಟೆಯ ಉಳಿದ ಜಾಗಕ್ಕೆ ಸಾರಿನ ಗಟ್ಟಿಯನ್ನೇ ತಂದೆ. ಹುರುಳಿ, ಹೆಸರುಕಾಳು, ಅವರೆಕಾಳು, ಅಲಸಂದೆ ದಿನಕ್ಕೊಂದು. ಒಣಕಾಳು ನೂರು ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನು, ರಾಗಿಯಲ್ಲಿ ಏಳು. ಮೊಟ್ಟೆ ಇಲ್ಲ, ಗೋಧಿ ಇಲ್ಲ ಅಂದಮೇಲೆ ನನಗೆ ಕಾಳು, ಮೊಸರು, ಪನೀರೇ ಗತಿ. ಬಸ್ಸಾರಿನ ಪಲ್ಯ ಅನ್ನೋದು ಎಂಥಾ ಬುದ್ಧಿವಂತಿಕೆ ಅಂತ ಆಗ ಗೊತ್ತಾಯಿತು: ಸೊಪ್ಪು, ಕಾಳು ಒಂದು ಬಟ್ಟಲು ತುಂಬಾ ತಿಂದರೂ ಹೊಟ್ಟೆ ಮಾತ್ರ ತುಂಬುತ್ತೆ. ಬಿಸ್ಕತ್ತು ಬಿಟ್ಟೆ. ರಾತ್ರಿ ನಲವತ್ತು ನಿಮಿಷ ನಡೆದೆ. 11 ತಿಂಗಳಲ್ಲಿ 81ರಿಂದ 72.

ಕಷ್ಟ ಆಗಿದ್ದು ಹಸಿವಲ್ಲ, ಬೇಡ ಅನ್ನೋದು. ಗೋಧಿಗೆ ಬೇಡ ಅನ್ನೋಕೆ ನನ್ನ ಹತ್ತಿರ ರಿಪೋರ್ಟ್ ಇತ್ತು, ಯಾರೂ ಬೇಜಾರಾಗುತ್ತಿರಲಿಲ್ಲ. ಆದರೆ ನನಗಾಗಿಯೇ ಪ್ರತ್ಯೇಕ ಪಾತ್ರೆ ತೊಳೆದು, ಬೇರೆ ಸೌಟು ಇಟ್ಟು ಮಾಡಿದ ಪಾಯಸಕ್ಕೂ ಬೇಡ ಅಂದರೆ? "ಇದರಲ್ಲೂ ಗೋಧಿ ಐತಾ?" ಅಂತ ಅತ್ತೆ ಗಾಬರಿಯಾಗಿ ಕೇಳಿದರು. ಇಲ್ಲ ಅತ್ತೆ, ದಪ್ಪ ಆಗಿದ್ದೀನಿ ಅಂದೆ. ಅವರ ಮುಖ ಸಣ್ಣಗಾಯಿತು. ಒಬ್ಬ ಮನುಷ್ಯನಿಗೆ ಇಂತಿಷ್ಟು "ಬೇಡ" ಅಂತ ಕೋಟಾ ಇರುತ್ತೆ, ನನ್ನದನ್ನು ಗೋಧಿಯೇ ಮುಗಿಸಿಬಿಟ್ಟಿದೆ ಅನ್ನಿಸಿತು.

ಅಮ್ಮನ ಕಥೆ ಬೇರೆ. ವಿಡಿಯೋ ಕಾಲಿನಲ್ಲಿ ಮೂರು ತಿಂಗಳಿಂದ ನನ್ನ ಕೆನ್ನೆ ನೋಡುತ್ತಿದ್ದಳು. ಬೇಕು ಅಂತಲೇ ಇಳಿಸ್ತಾ ಇದ್ದೀನಮ್ಮ ಅಂದರೆ "ಹ್ಞೂಂ" ಅನ್ನೋಳು. ಒಂದು ಶನಿವಾರ ಹೇಳದೆ ಕೇಳದೆ ರೈಲು ಹತ್ತಿ ಬಂದಳು, ಹೆಗಲಿಗೆ ಹಿಟ್ಟಿನ ಚೀಲ. ಚಪ್ಪಲಿ ಬಿಡುವ ಮುಂಚೆಯೇ ನನ್ನ ಮುಂಗೈ ಹಿಡಿದಳು. ಹೆಬ್ಬೆರಳು, ಕಿರುಬೆರಳು ಕೂಡಲಿಲ್ಲ, ಆದರೆ ಹತ್ತಿರ ಬಂದಿತ್ತು.

"ಮತ್ತೆ ಬಂತಾ?" ಅಂದಳು.

ಆ ಎರಡು ಪದದಲ್ಲಿ ಅಷ್ಟು ವರ್ಷ ಅವಳು ಬಾಯಿಬಿಡದೆ ಇಟ್ಟುಕೊಂಡಿದ್ದೆಲ್ಲ ಇತ್ತು. ನಾನು ತೂಕ, ಲಿವರು, ಸಕ್ಕರೆ ಅಂತ ಏನೇನೋ ಹೇಳಿದೆ. ಅವಳಿಗೆ ಅದ್ಯಾವುದೂ ಬೇಕಿರಲಿಲ್ಲ. "ರಕ್ತದ ಚೀಟಿ ತೋರ್ಸು." ಮೊಬೈಲಿನಲ್ಲಿ ಹೋದ ತಿಂಗಳ ರಿಪೋರ್ಟ್ ತೆಗೆದೆ. "ಎಷ್ಟೈತೆ?" ಹದಿನಾಲ್ಕು. "ಆಗ ಎಷ್ಟಿತ್ತು?" ಎಂಟು. "ಸುಳ್ಳು ಹೇಳ್ಬ್ಯಾಡ, ಎಲ್ಲೈತೆ ತೋರ್ಸು." ಪರದೆಯ ಮೇಲೆ 14.1 ಅಂತ ಇದ್ದ ಜಾಗಕ್ಕೆ ಬೆರಳಿಟ್ಟು ತೋರಿಸಿದೆ. ಅವಳಿಗೆ ಅಂಕಿ ಓದೋಕೆ ಬರುತ್ತೆ. ಎರಡು ಸಲ ಓದಿದಳು. ಆಮೇಲೆ ಚಪ್ಪಲಿ ಬಿಟ್ಟು ಕಾಲು ತೊಳೆಯೋಕೆ ಹೋದಳು.

ರಾತ್ರಿ ಅಡುಗೆಗೆ ನಿಂತವಳು ಕಟ್ಟೆ ಮೇಲಿದ್ದ ತಕ್ಕಡಿ ನೋಡಿ "ಇದೇನು, ಬಂಗಾರದಂಗಡಿ ಇಟ್ಟಿದ್ದೀಯಾ?" ಅಂದಳು. ನನ್ನ ಪಾಲಿನ ಹಿಟ್ಟು 80 ಗ್ರಾಂ ತೂಗಿ ಕೊಟ್ಟೆ. ಅಷ್ಟನ್ನೇ ಬೇರೆ ಪಾತ್ರೆಯಲ್ಲಿ ತೊಳಸಿ, ನನ್ನ ತಟ್ಟೆಗೆ ಎರಡು ಮುದ್ದೆ ಇಟ್ಟಳು, ಒಂದೊಂದೂ ದೊಡ್ಡ ನಿಂಬೆಹಣ್ಣಿನಷ್ಟು. ಒಂದೇ ಸಾಕಿತ್ತಲ್ಲಮ್ಮ ಅಂದೆ. "ಉಣ್ಣೋ ಮಗನಿಗೆ ಒಂದೇ ಮುದ್ದೆ ಇಡ್ತಾರೇನೋ? ನಿನ್ನ ಹಿಟ್ಟು ನಿನಗೈತೆ, ನನ್ನ ಲೆಕ್ಕ ನನಗಿರ್ಲಿ."

ಹುರುಳಿ ಸಾರು ಗಟ್ಟಿಯಾಗಿತ್ತು, ರುಚಿಯಾಗಿತ್ತು. ಕಾಯಿ ಎಷ್ಟು ಹಾಕಿದೆ ಅಂತ ಕೇಳಿದೆ. ಹಾಕೇ ಇಲ್ಲ ಅಂದಳು. ಸಿಂಕಿನ ಪಕ್ಕ ಖಾಲಿ ಕರಟ ಬಿದ್ದಿತ್ತು. ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.