ಕ್ರಯ ಇಳಿದ ವರ್ಷದ ನೀರು

ಪಿಂಚಣಿಯಿಲ್ಲದ ಖಾಸಗಿ ಕೆಲಸ ನನ್ನದು. ಮುಪ್ಪಿನ ಕಾಲಕ್ಕಿರಲೆಂದು 2006ರಲ್ಲಿ ಮ್ಯೂಚುವಲ್ ಫಂಡಿಗೆ ತಿಂಗಳಿಗೆ ಸಾವಿರ ರೂಪಾಯಿ ಕಟ್ಟತೊಡಗಿದೆ. ಬದಿಯಡ್ಕದ ನಮ್ಮ ಮನೆಯಲ್ಲಿ ಅದುವರೆಗೆ ಉಳಿತಾಯವೆಂದರೆ ಚಿಟ್ಟಿ, ಬಂಗಾರ, ಅಟ್ಟದ ಮೇಲಿನ ಹಳೆಯ ಅಡಿಕೆ.

2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗಿಳಿಯಿತು. ಹೆದರಿ ಕಂತು ನಿಲ್ಲಿಸಿದೆ.

ಅಪ್ಪನಿಗೆ ಷೇರಿನ ಗಂಧವಿಲ್ಲ. ಸಂಗತಿ ಕೇಳಿ, "ಅಡಿಕೆಗೆ ಕ್ರಯ ಇಲ್ಲ ಅಂತ ನಾನು ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡದೆ ಇದ್ದದ್ದುಂಟಾ? ಕ್ರಯ ಬರುವಾಗ ಮರವೇ ಇಲ್ಲದಿದ್ದರೆ?" ಎಂದರು.

ನಾನು ನಕ್ಕುಬಿಟ್ಟೆ. ಪುನಃ ಕಂತು ಆರಂಭಿಸುವಾಗ 2010. ಪೇಟೆ ಬಹುಮಟ್ಟಿಗೆ ಚೇತರಿಸಿಯಾಗಿತ್ತು. ಯೂನಿಟಿಗೆ ಇಪ್ಪತ್ತು ರೂಪಾಯಿಯಿದ್ದರೆ ಸಾವಿರಕ್ಕೆ ಐವತ್ತು ಯೂನಿಟು, ಹತ್ತಕ್ಕಿಳಿದರೆ ನೂರು. ಆ ಅಗ್ಗದ ತಿಂಗಳುಗಳನ್ನೇ ನಾನು ಕೈಬಿಟ್ಟಿದ್ದೆ.

2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,934 ಪಾಯಿಂಟ್ ಕುಸಿಯಿತು. ಅದೇ ತಿಂಗಳು ತಲಪಾಡಿಯ ಗಡಿಯೂ ಮುಚ್ಚಿತು. ಅಪ್ಪ ಆಗ ಇರಲಿಲ್ಲ; ಮಾತು ಇತ್ತು. ಕಂತು ನಿಲ್ಲಿಸಲಿಲ್ಲ. ವರ್ಷ ಮುಗಿಯುವ ಮೊದಲೇ ಸೆನ್ಸೆಕ್ಸ್ ಇಳಿದದ್ದನ್ನೆಲ್ಲ ತುಂಬಿಕೊಂಡಿತು.

ಎಲ್ಲ ಇಳಿತವೂ ಅಷ್ಟು ಬೇಗ ಏರೀತೆಂದು ಹೇಳುವಂತಿಲ್ಲ. ನಮಗೆ ಬೇಕಾದ ಹೊತ್ತಿಗೇ ಪೇಟೆ ಬಿದ್ದಿರಲೂಬಹುದು. ಅದಕ್ಕೇ ಅರುವತ್ತು ಹತ್ತಿರವಾದಂತೆ ಸ್ವಲ್ಪ ಸ್ವಲ್ಪವಾಗಿ ಬ್ಯಾಂಕಿನ ಠೇವಣಿಗೆ ಬದಲಿಸುತ್ತಾ ಬಂದಿದ್ದೇನೆ. ಉಳಿದಂತೆ ಪ್ರತಿ ತಿಂಗಳ ಐದನೇ ತಾರೀಕಿಗೆ ಕಂತು ಹೋಗುತ್ತದೆ. ಆ ದಿನ ಪೇಟೆಯ ಸುದ್ದಿ ನೋಡುವುದಿಲ್ಲ. ಬೇಸಿಗೆಯಾದರೆ, ತೋಟಕ್ಕೆ ನೀರು ಬಿಡಲು ಹೋಗುತ್ತೇನೆ.